ಮನಸ್ಸಿನ ಮಾತು ಯಾರ ಮುಂದೆ? ದಾವಣಗೆರೆ, ಚಿತ್ರದುರ್ಗದವರು ತಮಗೆ ಹೊಂದುವ ಥೆರಪಿಸ್ಟ್ ಹುಡುಕಿಕೊಳ್ಳುವ ಬಗೆ

ದಾವಣಗೆರೆಯಲ್ಲಿ ಮೊಣಕಾಲು ನೋವು ಬಂದವರಿಗೆ ಮೂಳೆ ಡಾಕ್ಟರನ್ನು ಹುಡುಕುವುದು ಕಷ್ಟವೇ ಅಲ್ಲ. ಪಕ್ಕದ ಮನೆಯವರು ಒಂದು ಹೆಸರು ಹೇಳುತ್ತಾರೆ, ಕಿರಾಣಿ ಅಂಗಡಿಯವರು ಇನ್ನೊಂದು ಹೇಳುತ್ತಾರೆ, ಬೀಗರು ಫೋನ್ ಮಾಡಿ ಮೂರನೆಯ ಹೆಸರನ್ನು ಸೇರಿಸಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋದರೆ ಟೋಕನ್ ಸಿಗುತ್ತದೆ ಎಂಬುದನ್ನೂ ತಿಳಿಸುತ್ತಾರೆ. ಮನಸ್ಸಿನ ತೊಂದರೆಗೆ ಮಾತ್ರ ಈ ದಾರಿ ಮುಚ್ಚಿರುತ್ತದೆ. ಕೇಳಿದರೆ ಕೇಳಿದ್ದೇ ಸುದ್ದಿಯಾದೀತೆಂಬ ಅಂಜಿಕೆಯಿಂದ ನಾವು ಯಾರನ್ನೂ ಕೇಳುವುದಿಲ್ಲ. ಹೋಗಿಬಂದವರೂ ಬಾಯಿ ಬಿಡುವುದಿಲ್ಲ. ಹೀಗಾಗಿ ಬೇರೆಯವರ ಬಳಿ ವಿಚಾರಿಸಲಾಗದ್ದನ್ನು ಥೆರಪಿಸ್ಟ್, ಅಂದರೆ ಮಾತಿನ ಚಿಕಿತ್ಸೆ ಕೊಡುವವರ ಬಳಿಯೇ ನೇರವಾಗಿ ಕೇಳಿ ತಿಳಿಯುವ ರೂಢಿಯನ್ನು ಮಾಡಿಕೊಳ್ಳಬೇಕಾಗುತ್ತದೆ. ಕೇಳುವುದು ಉದ್ಧಟತನವಲ್ಲ. ಏನನ್ನು ಕೇಳಬೇಕು, ಬಂದ ಉತ್ತರವನ್ನು ಹೇಗೆ ತೂಗಬೇಕು ಎಂಬುದನ್ನು ಹೇಳುವುದಷ್ಟೇ ಈ ಬರಹದ ಉದ್ದೇಶ.

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಅಮ್ಮ ತೀರಿಕೊಂಡ ವರ್ಷ, ನಡುರಾತ್ರಿ ಎರಡೂವರೆಯ ಸುಮಾರಿಗೆ ಎಚ್ಚರವಾಗಿ ಎದೆ ಡವಗುಟ್ಟುವುದು, ಅಂಗೈ ತಣ್ಣಗಾಗುವುದು, ಇನ್ನೇನು ಉಸಿರು ನಿಂತೇಬಿಡುತ್ತದೆ ಎನ್ನಿಸುವುದು ಶುರುವಾಯಿತು. ಎರಡು ಸಲ ಇ.ಸಿ.ಜಿ. ಮಾಡಿಸಿದೆ, ಎರಡು ಸಲವೂ ಹೃದಯ ಸರಿಯಾಗಿಯೇ ಇತ್ತು. ಆಮೇಲೆ ಥೆರಪಿಸ್ಟ್ ಹುಡುಕಲು ಹೊರಟು, ಮೊದಲ ಯತ್ನದಲ್ಲಿ ಎಡವಿ, ಎರಡನೆಯದರಲ್ಲಿ ದಡ ಮುಟ್ಟಿದೆ. ಮುಂದೆ ಹೇಳುವುದರಲ್ಲಿ ಒಂದಷ್ಟು ಆ ಓಡಾಟದಲ್ಲಿ ಕಲಿತದ್ದು.

ಮೊದಲು ಒಂದು ರಕ್ತ ಪರೀಕ್ಷೆ

ಮನಸ್ಸಿನ ವೈದ್ಯರ ಬಳಿಗೆ ಹೋಗುವ ಮುನ್ನ, ಅಥವಾ ಅದರ ಜೊತೆಜೊತೆಗೇ, ಸಾಮಾನ್ಯ ಕಾಯಿಲೆ ನೋಡುವ ವೈದ್ಯರನ್ನು ಒಮ್ಮೆ ಕಾಣಿರಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆಬಡಿತ, ನಡುಕ, ಕಳವಳ ಕಾಣಿಸಿಕೊಳ್ಳುತ್ತವೆ. ಕಡಿಮೆ ಮಾಡಿದರೆ ಮಂಕು ಮತ್ತು ಆಯಾಸ ಆವರಿಸುತ್ತವೆ. ವಿಟಮಿನ್ ಬಿ12 ಅಥವಾ ಹಿಮೋಗ್ಲೋಬಿನ್ ಕುಸಿದಾಗಲೂ ಸುಸ್ತು ಮತ್ತು ಬೇಸರ ಖಿನ್ನತೆಯಂತೆಯೇ ತೋರುತ್ತವೆ. ಇವುಗಳನ್ನು ನೋಡದೆ ತಿಂಗಳುಗಟ್ಟಲೆ ಮಾತಿನ ಚಿಕಿತ್ಸೆಗೆ ಹೋಗುವುದು ಹಣಕ್ಕೂ ನಷ್ಟ, ಕಾಲಕ್ಕೂ ನಷ್ಟ.

ಯಾರು ಏನು ಮಾಡುತ್ತಾರೆ

ನಾಮಫಲಕಗಳ ಮೇಲಿನ ಪದಗಳು ಗೊಂದಲ ಹುಟ್ಟಿಸುತ್ತವೆ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಓದಿದವರು, ರೋಗ ಗುರುತಿಸಿ ಮಾತ್ರೆ ಬರೆಯುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರ ಕೆಲಸ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ನಂತರ ಆಸ್ಪತ್ರೆಯ ತರಬೇತಿಯೊಡನೆ ಎರಡು ವರ್ಷದ ಎಂ.ಫಿಲ್. ಮುಗಿಸಿದವರೇ ಇವರಲ್ಲಿ ಹೆಚ್ಚು. 1992ರ ಕಾಯ್ದೆಯ ಪ್ರಕಾರ ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ, ನೋಂದಾಯಿಸಿಕೊಂಡಿರಬೇಕು. ಆ ಸಂಖ್ಯೆಯನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಇರುವವರು ಬೇಸರಿಸದೆ ಕೊಡುತ್ತಾರೆ. ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಇರುತ್ತಾರೆ. ಕುಟುಂಬದವರನ್ನು ಕೂರಿಸಿ ಮಾತನಾಡುವುದರಲ್ಲಿ ಇವರ ಕೈ ಪಳಗಿರುತ್ತದೆ.

ಆಪ್ತಸಮಾಲೋಚಕರ ವಿಷಯದಲ್ಲಿ ಎಚ್ಚರ ಬೇಕು. ಎಂ.ಎಸ್ಸಿ. ಮನಶ್ಶಾಸ್ತ್ರ ಓದಿ, ಹಿರಿಯರ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸಮರ್ಥರೂ ಕೌನ್ಸೆಲರ್ ಎಂದೇ ಕರೆಸಿಕೊಳ್ಳುತ್ತಾರೆ. ಮೂರು ದಿನದ ಶಿಬಿರದ ಪ್ರಮಾಣಪತ್ರ ಹಿಡಿದವರೂ ಅದೇ ಫಲಕ ಹಾಕಿಕೊಳ್ಳುತ್ತಾರೆ. ಫಲಕದಿಂದ ಇಬ್ಬರನ್ನೂ ಬೇರ್ಪಡಿಸಲಾಗದು. ಎಲ್ಲಿ ಓದಿದ್ದು, ಎಷ್ಟು ವರ್ಷ, ಕಷ್ಟದ ಪ್ರಕರಣ ಬಂದಾಗ ಯಾರ ಸಲಹೆ ಪಡೆಯುತ್ತೀರಿ ಎಂದು ಕೇಳಿದರೆ ತಿಳಿಯುತ್ತದೆ. ಈ ಮೂರನೆಯ ಪ್ರಶ್ನೆ ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು. “ನಾನು ಯಾರನ್ನೂ ಕೇಳುವ ಅಗತ್ಯವೇ ಬಿದ್ದಿಲ್ಲ” ಎಂಬ ಉತ್ತರ ಬಂದರೆ ಅಲ್ಲಿಂದ ಏಳಬಹುದು.

ನಿದ್ದೆ ವಾರಗಟ್ಟಲೆ ಹತ್ತಿರ ಸುಳಿಯದಿದ್ದರೆ, ಊಟ ಬಿಟ್ಟಿದ್ದರೆ, ಇಲ್ಲದ ದನಿ ಕೇಳುತ್ತಿದ್ದರೆ, ಎಲ್ಲರ ಮೇಲೂ ಅನುಮಾನ ಬೆಳೆದಿದ್ದರೆ ಮೊದಲು ಹೋಗಬೇಕಾದದ್ದು ಮನೋವೈದ್ಯರ ಬಳಿಗೆ. ಮಿತಿಮೀರಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ ಮತ್ತು ಫಿಟ್ಸ್ ಬರುವ ಅಪಾಯವಿದೆ; ಮನೆಯಲ್ಲೇ ಕೂಡಿಹಾಕಿ ಬಿಡಿಸುವ ಸಾಹಸ ಬೇಡ, ಅದೂ ಆಸ್ಪತ್ರೆಯ ಕೆಲಸ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಹುಡುಕಾಟ ಮುಗಿಯಲಿ ಎಂದು ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ನಮ್ಮದು ಮೆಕ್ಕೆಜೋಳ, ಶೇಂಗಾ ಬೆಳೆಯುವ ಸೀಮೆಯಾದ್ದರಿಂದ ಮನೆಯವರಿಗೆ ಇನ್ನೊಂದು ಮಾತು ಹೇಳಬೇಕು. ಹೊಲಕ್ಕೆಂದು ತಂದ ಔಷಧವನ್ನು ಇಂಥ ದಿನಗಳಲ್ಲಿ ಮನೆಯಿಂದ ಹೊರಗೆ, ಬೇರೊಬ್ಬರ ಸುಪರ್ದಿಯಲ್ಲಿ ಇರಿಸಿ.

ಸಾವಿನ ದುಃಖ, ಗಂಡ ಹೆಂಡಿರ ಮನಸ್ತಾಪ, ಪರೀಕ್ಷೆಯ ಭಯ ಇಂಥವುಗಳಿಗೆ ಒಳ್ಳೆಯ ಆಪ್ತಸಮಾಲೋಚಕರು ಸಾಕಾಗಬಹುದು. ಕೈ ತೊಳೆದಷ್ಟೂ ತೃಪ್ತಿಯಿಲ್ಲದ ಗೀಳು, ಹಳೆಯ ಆಘಾತ, ಮತ್ತೆ ಮತ್ತೆ ಬರುವ ಗಾಬರಿ ಇವುಗಳಿಗೆ ನಿರ್ದಿಷ್ಟ ವಿಧಾನಗಳಿವೆ. ಅವುಗಳಲ್ಲಿ ತರಬೇತಿ ಇದ್ದವರೇ ಬೇಕು. ಗೀಳಿಗೆ ಹೋದವರು, ಹೆದರಿಸುವ ಸನ್ನಿವೇಶವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಿ, ತೊಳೆಯದೆ ಇರುವುದನ್ನು ಅಭ್ಯಾಸ ಮಾಡಿಸುವ ಚಿಕಿತ್ಸೆ ನಿಮಗೆ ಗೊತ್ತೇ ಎಂದು ವಿಚಾರಿಸಬಹುದು.

ನಮ್ಮ ಊರುಗಳಲ್ಲಿ ಎಲ್ಲಿಂದ ಆರಂಭಿಸುವುದು

ಖರ್ಚು ಕಡಿಮೆ ಇರುವ ಬಾಗಿಲು ಸರ್ಕಾರಿ ಆಸ್ಪತ್ರೆಯದು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ನಿಯಮದ ಪ್ರಕಾರ ಆ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರೂ ಇರಬೇಕು. ಹುದ್ದೆ ಖಾಲಿ ಬಿದ್ದಿರುವುದೂ ಉಂಟು, ಆದ್ದರಿಂದ ಹೋಗುವ ಮುನ್ನ ಕೇಳಿಕೊಳ್ಳುವುದು ಲೇಸು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಸುವ ಪದ್ಧತಿಯಿದೆ. ಜಗಳೂರು, ಹೊನ್ನಾಳಿ, ಹೊಸದುರ್ಗ, ಮೊಳಕಾಲ್ಮೂರಿನವರು ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತುವ ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ದಿನ ಯಾವುದೆಂದು ಖಚಿತಪಡಿಸಿಕೊಳ್ಳಲಿ. ಎರಡೂ ಊರುಗಳ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಜಟಿಲ ತೊಂದರೆಗಳಿಗೆ ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಎಂಬ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಗಳು ಇದ್ದೇ ಇವೆ. ಒಮ್ಮೆ ಅಲ್ಲಿ ತೋರಿಸಿ, ಮುಂದಿನದನ್ನು ಇಲ್ಲಿಯೇ ನಡೆಸುವಂತೆ ಪತ್ರ ತರುವುದು ಸಾಧ್ಯ. ಪ್ರತಿ ವಾರ ಜನಶತಾಬ್ದಿ ರೈಲು ಹತ್ತುವುದು ಯಾರಿಂದಲೂ ಆಗುವ ಮಾತಲ್ಲ.

ಸರ್ಕಾರಿ ಹೊರರೋಗಿ ವಿಭಾಗದ ಮಿತಿಯನ್ನೂ ಹೇಳಬೇಕು. ಅಲ್ಲಿನ ಜನಸಂದಣಿಯಲ್ಲಿ ಮುಕ್ಕಾಲು ಗಂಟೆ ಕೂತು ಮಾತನಾಡುವ ವ್ಯವಧಾನ ವೈದ್ಯರಿಗೆ ಸಿಗುವುದು ಕಷ್ಟ. ರೋಗ ಗುರುತಿಸುವುದಕ್ಕೆ ಮತ್ತು ಮಾತ್ರೆಗೆ ಅಲ್ಲಿಗೆ ಹೋಗಿ, ಮಾತಿನ ಚಿಕಿತ್ಸೆಗೆ ಬೇರೆಡೆ ಹೋಗುವ ಹೊಂದಾಣಿಕೆ ಹಲವರಿಗೆ ಸರಿಹೋಗುತ್ತದೆ. ಅದಕ್ಕೊಂದು ಸುಲಭದ ಉಪಾಯವೂ ಉಂಟು. ಬಿಳಿ ಕೋಟಿನ ಮುಂದೆ ಕೂತಾಗ, “ಸರ್, ಮಾತ್ರೆಯ ಜೊತೆಗೆ ಥೆರಪಿಯನ್ನೂ ತಗೊಳ್ಳಬೇಕು ಅಂತಿದ್ದೀನಿ, ನಿಮಗೆ ನಂಬಿಕೆ ಇರೋರು ಯಾರು?” ಎಂದು ಕೇಳಿಬಿಡಿ. ಬೀಗರ ಬಳಿ ಕೇಳಲಾಗದ ಪ್ರಶ್ನೆಗೆ ಉತ್ತರ ಸಿಗುವ ಜಾಗ ಅದೇ.

ಫೋನಿನಲ್ಲಿಯೇ ಕೇಳಬಹುದಾದದ್ದು

ಕರೆ ಸ್ವೀಕರಿಸುವವರು ಎಷ್ಟೋ ಸಲ ಸಹಾಯಕರಾಗಿರುತ್ತಾರೆ. ಅವರ ಮುಂದೆ ಇಡೀ ಕಥೆ ಹೇಳುವ ಅಗತ್ಯವಿಲ್ಲ. ಥೆರಪಿಸ್ಟ್ ಜೊತೆ ಐದು ನಿಮಿಷ ಮಾತನಾಡಬಹುದೇ ಎಂದಷ್ಟೇ ಕೇಳಿ. ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದ್ದು ಇಷ್ಟು: “ನಮಸ್ಕಾರ ಮೇಡಂ, ಆರು ತಿಂಗಳಿಂದ ರಾತ್ರಿ ಹೊತ್ತು ಗಾಬರಿಯಾಗಿ ಎಚ್ಚರ ಆಗ್ತಿದೆ. ಇಂಥದ್ದನ್ನ ನೀವು ನೋಡ್ತೀರಾ? ಯಾವ ರೀತಿಯ ಥೆರಪಿ ಮಾಡ್ತೀರಿ? ಒಂದು ಸೆಷನ್ ಎಷ್ಟು ಹೊತ್ತು, ಫೀಸ್ ಎಷ್ಟು, ಬರೋಕಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು?” ಸಾಮಾನ್ಯವಾಗಿ ಒಂದು ಸೆಷನ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯದು. ಶುಲ್ಕ ಭಾರವಾದರೆ ರಿಯಾಯಿತಿ ಇದೆಯೇ, ಹದಿನೈದು ದಿನಕ್ಕೊಮ್ಮೆ ಬಂದರೆ ನಡೆಯುತ್ತದೆಯೇ ಎಂಬುದನ್ನೂ ಆಗಲೇ ಕೇಳಿ. ವಿಮೆಯ ಮೇಲೆ ಹೆಚ್ಚು ಭರವಸೆ ಇಡಬೇಡಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು ಕಾನೂನು ಹೇಳುತ್ತದಾದರೂ, ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನೇ ಕೊಡುತ್ತವೆ.

“ನಾಲ್ಕು ಸೆಷನ್‌ನಲ್ಲಿ ಗ್ಯಾರಂಟಿ ಗುಣ” ಎನ್ನುವವರಿಗೆ ಧನ್ಯವಾದ ಹೇಳಿ ಫೋನ್ ಇಡಿ.

ಮೊದಲ ಭೇಟಿಯಲ್ಲಿ ಗಮನಿಸಬೇಕಾದದ್ದು

ನಾನು ಮೊದಲು ಹೋದವರ ಕೋಣೆಯಲ್ಲಿ ಗೋಡೆ ತುಂಬ ಪ್ರಮಾಣಪತ್ರಗಳಿದ್ದವು. ನಲವತ್ತು ನಿಮಿಷದಲ್ಲಿ ಅವರು ಮೂರು ಫೋನ್ ತೆಗೆದುಕೊಂಡರು. ಒಂದು ಗ್ಯಾಸ್ ಸಿಲಿಂಡರಿನದು. ಅಮ್ಮನ ಕೊನೆಯ ದಿನದ ಮಾತು ಹೇಳುತ್ತಿದ್ದವಳು ಸಿಲಿಂಡರ್ ಬರುವವರೆಗೆ ಎಂಬಂತೆ ಕಾದು ಕೂತಿದ್ದೆ. ಕೊನೆಗೆ ಅವರು, “ನಿಮಗೇನು ಕಡಿಮೆ ಆಗೈತಿ ಮೇಡಂ? ಸಂಬಳ ಐತಿ, ಮನಿ ಐತಿ. ದಿನಾ ಅರ್ಧ ಗಂಟೆ ಧ್ಯಾನ ಮಾಡ್ರಿ” ಎಂದರು. ಹಣ ಕೊಟ್ಟು ಕೆಳಗಿಳಿದು ಬಂದು ಎದುರಿನ ಹೋಟೆಲಿನಲ್ಲಿ ಬೆಣ್ಣೆದೋಸೆ ತಿಂದೆ. ಅಂದು ದಕ್ಕಿದ ಸಮಾಧಾನವೆಂದರೆ ಅದೊಂದೇ.

ಎರಡನೆಯವರು ಫೋನನ್ನು ನನ್ನೆದುರೇ ಮೌನಕ್ಕಿಟ್ಟು ಡ್ರಾಯರಿನೊಳಗೆ ಹಾಕಿದರು. ಇಲ್ಲಿ ಹೇಳಿದ್ದು ಯಾವಾಗ ಹೊರಗೆ ಹೋಗುತ್ತದೆ, ಯಾವಾಗ ಹೋಗುವುದಿಲ್ಲ ಎಂಬುದನ್ನು ನಾನು ಕೇಳುವ ಮೊದಲೇ ವಿವರಿಸಿದರು. ಸಾಯುವ ಯೋಚನೆ ಬಂದದ್ದುಂಟೇ ಎಂದು ಮುಚ್ಚುಮರೆಯಿಲ್ಲದೆ ಕೇಳಿದರು. ಅಮ್ಮನ ವಿಷಯ ಅರ್ಧ ಗಂಟೆ ಕೇಳಿಸಿಕೊಂಡು, “ಎದೆ ಬಡ್ಕೊಳ್ಳೋಕೆ ಶುರುವಾದ್ ಕೂಡ್ಲೆ ನಿಮ್ಮ ಕೈ ಎಲ್ಲಿಗೆ ಹೋಗುತ್ತೆ?” ಎಂದರು. ನಾನು ಕೆಳಗೆ ನೋಡಿದೆ. ಬಲಗೈಯ ಎರಡು ಬೆರಳು ಎಡಗೈಯ ಮಣಿಕಟ್ಟಿನ ಮೇಲಿದ್ದವು. ಅದನ್ನು ಹೇಳುತ್ತಿರುವಾಗಲೇ ನನ್ನ ನಾಡಿಯನ್ನು ನಾನೇ ಎಣಿಸುತ್ತಿದ್ದೆ. ಅವರು ಹಾಳೆಯ ಮೇಲೆ ಒಂದು ವೃತ್ತ ಬರೆದು ತೋರಿಸಿದರು: ಬಡಿತ ಕೇಳಿಸುತ್ತದೆ, ಏನೋ ಆಗಿಬಿಡುತ್ತದೆಂಬ ಯೋಚನೆ ಬರುತ್ತದೆ, ಹೆದರಿಕೆಯಾಗುತ್ತದೆ, ಹೆದರಿಕೆಗೆ ಬಡಿತ ಏರುತ್ತದೆ, ಕೈ ಮತ್ತೆ ನಾಡಿಗೆ ಹೋಗುತ್ತದೆ. ಹನ್ನೆರಡು ಸೆಷನ್ ಆಗಬಹುದು, ಆರನೆಯದರಲ್ಲಿ ಒಮ್ಮೆ ಲೆಕ್ಕ ನೋಡೋಣ ಎಂದರು. ನಿಮಗೆ ಸರಿಯಾದವರು ಯಾರೆಂಬುದಕ್ಕೆ ನಾನು ಕೊಡಬಲ್ಲ ಗುರುತು ಇದೇ. ಅವರು ಉಪದೇಶಕ್ಕೆ ಆತುರಪಡದೆ, ನಿಮ್ಮ ತೊಂದರೆ ಹೇಗೆ ನಡೆಯುತ್ತಿದೆ ಎಂಬುದನ್ನು ನಿಮಗೇ ಕಾಣುವಂತೆ ಮಾಡುತ್ತಾರೆ. ಎಲ್ಲಿಗೆ ಹೊರಟಿದ್ದೇವೆ ಎಂಬುದನ್ನೂ ಹೇಳುತ್ತಾರೆ.

ಭಾಷೆಯ ವಿಷಯಕ್ಕೆ ನಾನು ಬಹಳ ತೂಕ ಕೊಡುತ್ತೇನೆ. ನಮ್ಮಲ್ಲಿ “ಜೀವ ಸಾಕಾಗೈತಿ” ಎಂಬ ಮಾತನ್ನು ಕಳೆ ತೆಗೆದು ದಣಿದವರೂ ಆಡುತ್ತಾರೆ, ಬದುಕು ಬೇಡವಾದವರೂ ಆಡುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಯೋಚಿಸುವ ಥೆರಪಿಸ್ಟ್ ಅದನ್ನು ಬರಿಯ ಆಯಾಸವೆಂದು ಬರೆದುಕೊಳ್ಳಬಹುದು, ಇಲ್ಲವೇ ಸುಮ್ಮನೆ ಬೆಚ್ಚಿಬೀಳಬಹುದು. ಬಲ್ಲವರು ಅಲ್ಲಿ ನಿಂತು, “ಸಾಕಾಗೈತಿ ಅಂದ್ರೆ ಹೆಂಗೆ?” ಎಂದು ಕೇಳುತ್ತಾರೆ. ತಳಮಳ, ಸಂಕಟ, ಹೊಟ್ಟೆಯಲ್ಲಿ ಕಲಸಿದಂತಾಗುವುದು, ಮನಸ್ಸು ಒಂದು ಕಡೆ ನಿಲ್ಲದಿರುವುದು ಇವೆಲ್ಲ ಬೇರೆ ಬೇರೆ ಅನುಭವಗಳು. ಎಲ್ಲವನ್ನೂ ಟೆನ್ಷನ್ ಎಂಬ ಒಂದೇ ಡಬ್ಬಿಗೆ ತುಂಬುವವರಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಮನೆಯಲ್ಲಿ ಉರ್ದು, ಲಂಬಾಣಿ ಅಥವಾ ತೆಲುಗು ಆಡುವವರು ಅಳುವಾಗ ಯಾವ ಭಾಷೆ ಬಾಯಿಗೆ ಬರುತ್ತದೋ ಆ ಭಾಷೆ ಬಲ್ಲವರು ಸಿಕ್ಕಾರೇ ಎಂದು ಒಮ್ಮೆ ವಿಚಾರಿಸಲಿ.

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಹೋಗಿಬಂದು, ಆಮೇಲೆ ಥೆರಪಿಗೆ ಬರುವ ಕುಟುಂಬಗಳು ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ಅದನ್ನು ಮುಚ್ಚಿಡಬೇಡಿ. ಕೇಳಿ ನಗುವ ಥೆರಪಿಸ್ಟ್ ಮುಂದೆ ನೀವು ಮುಂದಿನ ಸಲ ಸುಳ್ಳು ಹೇಳುತ್ತೀರಿ; ಸುಳ್ಳಿನ ಮೇಲೆ ಯಾವ ಚಿಕಿತ್ಸೆಯೂ ನಿಲ್ಲದು. ಅಲ್ಲಿಗೆ ಹೋದಾಗ ಏನನ್ನಿಸಿತು ಎಂದು ಗೌರವದಿಂದ ಕೇಳುವವರು ನಿಮಗೆ ಬೇಕಾದವರು. ಹರಕೆಗಾಗಿ ಮನೋವೈದ್ಯರ ಮಾತ್ರೆಯನ್ನು ಮಾತ್ರ ನಿಲ್ಲಿಸಕೂಡದು.

ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆಯೇ

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೆಯ ಸೆಕ್ಷನ್ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ನಿಮ್ಮ ಹಕ್ಕೆಂದು ಸಾರುತ್ತದೆ. ಅದಕ್ಕೆ ಅಪವಾದಗಳಿವೆ: ನಿಮ್ಮ ಅಥವಾ ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ವರದಿ ಮಾಡಲೇಬೇಕು. ಇವನ್ನು ಮೊದಲೇ ಹೇಳುವವರನ್ನು ನಂಬಬಹುದು.

ಕಾನೂನು ಏನೇ ಹೇಳಲಿ, ಊರು ಚಿಕ್ಕದು. ವಿದ್ಯಾನಗರದವರಿಗೆ ಪಿ.ಜೆ. ಬಡಾವಣೆಯಲ್ಲಿ ಒಬ್ಬ ಸೋದರತ್ತೆ ಇದ್ದೇ ಇರುತ್ತಾರೆ. ಥೆರಪಿಸ್ಟ್ ನಿಮ್ಮ ನೆಂಟರಾಗಿದ್ದರೆ, ಮಗಳ ಟ್ಯೂಷನ್ ಟೀಚರ್ ಆಗಿದ್ದರೆ, ನಿಮ್ಮವರ ಜೊತೆ ವ್ಯವಹಾರ ಇಟ್ಟುಕೊಂಡಿದ್ದರೆ ಬೇರೆಯವರನ್ನು ಸೂಚಿಸುವಂತೆ ಅವರನ್ನೇ ಕೇಳಿ. ಊರಿನ ಹೆಸರು, ಮನೆತನದ ಸ್ಥಿತಿಗತಿ ಚಿಕಿತ್ಸೆಗೆ ಬೇಕಾಗಬಹುದು, ಆದರೆ “ನೀವು ಯಾವ ಪೈಕಿ?” ಎಂದು ಜಾತಿಯ ಕುತೂಹಲಕ್ಕೆ ಕೇಳುವವರ ಮುಂದೆ ಮನಸ್ಸು ಬಿಚ್ಚಲಾಗದು. ನನ್ನ ಥೆರಪಿಸ್ಟ್ ಎರಡನೆಯ ಭೇಟಿಯಲ್ಲಿಯೇ, ಹೊರಗೆ ಸಿಕ್ಕರೆ ತಾವಾಗಿ ಮಾತನಾಡಿಸುವುದಿಲ್ಲ, ನಾನು ಮಾತನಾಡಿಸಿದರೆ ಮಾತ್ರ ನಮಸ್ಕಾರ ಹೇಳುವುದು ಎಂದಿದ್ದರು. ಒಂದು ಭಾನುವಾರ ತರಕಾರಿ ಮಾರುಕಟ್ಟೆಯಲ್ಲಿ ಒಂದೇ ಗಾಡಿಯ ಎದುರು ಇಬ್ಬರೂ ಸೌತೆಕಾಯಿ ಆರಿಸುತ್ತಿದ್ದೆವು. ನನ್ನ ಪಕ್ಕ ನಾದಿನಿ ಇದ್ದಳು. ಅವರು ಚೀಲ ತುಂಬಿಸಿಕೊಂಡು ನನ್ನತ್ತ ನೋಡದೆ ಹೊರಟುಹೋದರು.

ಊರಿನ ಕಣ್ಣು ತಪ್ಪಿಸಲು ವಿಡಿಯೊ ಕರೆಯ ಥೆರಪಿ ಒಳ್ಳೆಯ ದಾರಿ; ಅರ್ಹತೆ ನೋಡುವ ಕ್ರಮದಲ್ಲಿ ಮಾತ್ರ ವ್ಯತ್ಯಾಸವಿಲ್ಲ. ಸಮಸ್ಯೆಯೆಂದರೆ ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಮಾತನಾಡುವುದೇ ಅನುಮಾನಕ್ಕೆ ಕಾರಣ. ಮಳೆಗಾಲದ ಕೆಲವು ಸೆಷನ್‌ಗಳನ್ನು ನಾನು ಕುಂದುವಾಡ ಕೆರೆಯ ಬಳಿ ಕಾರು ನಿಲ್ಲಿಸಿ, ಗಾಜು ಏರಿಸಿ, ಇಯರ್‌ಫೋನ್ ಹಾಕಿಕೊಂಡು ನಡೆಸಿದ್ದೇನೆ. ಸಂಪರ್ಕ ಕಡಿದುಹೋದರೆ ಯಾರು ಯಾರಿಗೆ ಕರೆ ಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು.

ಮುಂದುವರಿಸುವುದೋ, ಬದಲಿಸುವುದೋ

ಕೆಲವು ತಪ್ಪುಗಳಿಗೆ ಎರಡನೆಯ ಅವಕಾಶ ಕೊಡಬೇಕಾಗಿಲ್ಲ. ಅನುಚಿತವಾಗಿ ಮುಟ್ಟುವುದು, ಪ್ರೇಮದ ಮಾತು, ಸಾಲ ಕೇಳುವುದು, ಏನನ್ನಾದರೂ ಮಾರಲು ನೋಡುವುದು, ಇನ್ನೊಬ್ಬ ರೋಗಿಯ ಕಥೆಯನ್ನು ಗುರುತು ಸಿಗುವಂತೆ ಹೇಳುವುದು, ಮನೋವೈದ್ಯರನ್ನು ಕೇಳದೆ ಮಾತ್ರೆ ಬಿಡಿಸುವುದು. ಇವುಗಳಲ್ಲಿ ಒಂದು ನಡೆದರೂ ಅಂದೇ ನಿಲ್ಲಿಸಿ.

ಉಳಿದಂತೆ ಮೂರು ನಾಲ್ಕು ಸೆಷನ್ ನೋಡಿ ನಿರ್ಧರಿಸುವುದು ನ್ಯಾಯ. ಥೆರಪಿ ಮುಗಿಸಿ ಬಂದ ಪ್ರತಿ ಸಲವೂ ಹಗುರಾಗಬೇಕೆಂದಿಲ್ಲ. ನನ್ನ ನಾಲ್ಕನೆಯ ಸೆಷನ್ನಿನ ರಾತ್ರಿ ಅತ್ತಷ್ಟು ಅಮ್ಮನ ತಿಥಿಯ ದಿನವೂ ಅತ್ತಿರಲಿಲ್ಲ. ನೋವಾಯಿತು ಎಂಬುದೊಂದೇ ಬಿಡುವುದಕ್ಕೆ ಕಾರಣವಾಗದು. ಹೇಳಿದ್ದನ್ನು ಅವರು ನೆನಪಿಟ್ಟಿದ್ದಾರೆಯೇ, ನೀವು ಒಪ್ಪದಿದ್ದಾಗ ಮುನಿಸಿಕೊಳ್ಳದೆ ಕೇಳುತ್ತಾರೆಯೇ, ಒಂದು ವಿಷಯವನ್ನು ಹೇಳಲಾಗದೆ ಪದೇ ಪದೇ ನುಂಗಿಕೊಂಡು ಬರುತ್ತಿದ್ದೀರಾ ಎಂಬುದನ್ನು ನೋಡಿಕೊಳ್ಳಿ. ಏನೋ ಹೊಂದುತ್ತಿಲ್ಲ ಎನ್ನಿಸಿದರೆ ಮೊದಲು ಅವರಿಗೇ ಹೇಳಿ. “ಮೇಡಂ, ನೀವು ಕೊಡೋ ಹೋಂವರ್ಕ್ ನನಗೆ ಮಾಡೋಕಾಗ್ತಿಲ್ಲ, ಬೈತೀರೇನೋ ಅಂತ ಸುಳ್ಳು ಹೇಳಿದೆ” ಎಂದು ನಾನು ಐದನೆಯ ಸಲ ಒಪ್ಪಿಕೊಂಡೆ. ಅವರು ನಕ್ಕು, ಹೋಂವರ್ಕನ್ನು ಅರ್ಧಕ್ಕೆ ಇಳಿಸಿದರು. ಹೇಳಿದ ಮೇಲೂ ಏನೂ ಬದಲಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ. ಸದ್ದಿಲ್ಲದೆ ಹೋಗುವುದನ್ನು ನಿಲ್ಲಿಸುವ ಬದಲು, ಕೊನೆಯದಾಗಿ ಒಮ್ಮೆ ಹೋಗಿ ಇದುವರೆಗಿನ ಚಿಕಿತ್ಸೆಯ ಸಾರಾಂಶವನ್ನು ಒಂದು ಪುಟದಲ್ಲಿ ಬರೆದುಕೊಡುವಂತೆ ಕೇಳಿ. ಹೊಸಬರ ಕೈಗೆ ಆ ಹಾಳೆ ಕೊಟ್ಟರೆ, ಅಮ್ಮ ಹೋದ ದಿನದಿಂದ ಎಲ್ಲವನ್ನೂ ಮತ್ತೊಮ್ಮೆ ಹೇಳಬೇಕಾದ ಸಂಕಟ ತಪ್ಪುತ್ತದೆ.